ಅಡಿಕೆಯ ದ್ವೀಪದಲ್ಲಿ ಹಗ್ಗದ ರೈಲು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಬಹುಪಾಲು ಅಡಿಕೆ ಕೃಷಿಕರ ಮನೆಗಳಂತೆ ನಮ್ಮ ಮನೆಯೂ ಗುಡ್ಡೆಯ ಮಧ್ಯದಲ್ಲಿದೆ. ತೋಟ ಮಾತ್ರ ಕೆಳಗೆ, ತೋಡಿನ, ಅಂದರೆ ಸಣ್ಣ ಹೊಳೆಯ, ಬದಿಯಲ್ಲಿದೆ. ಬೆಳೆಯುವುದೆಲ್ಲ ಕೆಳಗೆ, ಒಣಗಿಸುವ ಅಂಗಳ ಮೇಲೆ. ಹೆಡಿಗೆ ಹೊರುವ ಜನ ಸಿಗುತ್ತಿದ್ದ ಕಾಲದಲ್ಲಿ ಈ ಏರು ಒಂದು ಸಮಸ್ಯೆಯೆಂದು ಯಾರಿಗೂ ತೋರಿರಲಿಲ್ಲ. ಹೊರುತ್ತಿದ್ದವರಿಗೆ ತೋರಿದ್ದಿರಬಹುದು, ಆದರೆ ಅವರನ್ನು ನಾವು ಕೇಳಿರಲಿಲ್ಲ. ಜನ ಸಿಗದಾದ ಮೇಲೆ, ಅಂದರೆ ನಾನು ಶಾಲೆಯ ಕೆಲಸದಿಂದ ನಿವೃತ್ತನಾಗಿ ಪೂರ್ತಿ ತೋಟಕ್ಕೆ ಇಳಿದ ವರ್ಷ, ಪೇಟೆಯ ಒಂದು ವರ್ಕ್‌ಶಾಪಿನವರನ್ನು ಹಿಡಿದು ಏರಿನುದ್ದಕ್ಕೂ ಕಬ್ಬಿಣದ ಎರಡು ಹಳಿ ಹಾಕಿಸಿ, ಮೇಲೆ ದನದ ಹಟ್ಟಿಯ ಪಕ್ಕದಲ್ಲಿ ಒಂದು ಮೋಟಾರು, ಅದರ ಡ್ರಮ್ಮಿಗೆ ಸುತ್ತುವ ಉಕ್ಕಿನ ಹಗ್ಗ, ಹಗ್ಗದ ತುದಿಗೆ ನಾಲ್ಕು ಚಕ್ರದ ಟ್ರಾಲಿ, ಇಷ್ಟನ್ನು ಮಾಡಿಸಿದೆ. ಎರಡು ವರ್ಷದೊಳಗೆ ಮೋಟಾರಿನ ಕಾಯಿಲ್ ಎರಡು ಸಲ ಸುಟ್ಟಿತು. ಮೂರನೆಯ ವರ್ಷ ಒಂದು ಸಂಜೆ ಹಗ್ಗದ ಕ್ಲಾಂಪು ಜಾರಿ, ಆರು ಹೆಡಿಗೆ ಹಣ್ಣಡಿಕೆ ಹೊತ್ತ ಟ್ರಾಲಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ತೋಡಿಗೆ ಬಿತ್ತು. ದಾರಿಯಲ್ಲಿ ಯಾರೂ ಇರಲಿಲ್ಲ ಎಂಬುದೊಂದು ಪುಣ್ಯ. ಅಂದಿನಿಂದ ಆ ಹಳಿಗಳ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿಕೊಂಡಿದೆ.

ಪ್ರವಾಸದ ಬರಹವನ್ನು ಮನೆಯ ಟ್ರಾಲಿಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಆ ಟ್ರಾಲಿ ತೋಡಿಗೆ ಬೀಳದೆ ಇದ್ದಿದ್ದರೆ ಪೆನಾಂಗಿನ ಗುಡ್ಡದ ರೈಲನ್ನು ನಾನು ಎಲ್ಲರ ಹಾಗೆ ಹತ್ತಿ, ಎಲ್ಲರ ಹಾಗೆ ಫೋಟೋ ತೆಗೆದು, ಇಳಿದು ಬರುತ್ತಿದ್ದೆ.

ಮಗಳು ಮತ್ತು ಅಳಿಯ ನಾಲ್ಕು ವರ್ಷಗಳಿಂದ ಮಲೇಷ್ಯಾದ ಪೆನಾಂಗಿನಲ್ಲಿದ್ದಾರೆ. ಅಲ್ಲಿನ ಬಾಯಾನ್ ಲೆಪಾಸ್ ಎಂಬ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಅಳಿಯನಿಗೆ ಕೆಲಸ. ಕಳೆದ ಜನವರಿಯಲ್ಲಿ, ಕೊಯ್ಲಿನ ನಡುವೆಯೇ ಮನೆಯನ್ನು ತಮ್ಮನಿಗೆ ಒಪ್ಪಿಸಿ, ನಾನೂ ನನ್ನ ಹೆಂಡತಿಯೂ ಮೂರು ವಾರಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಕೊಯ್ಲು ಬಿಟ್ಟು ಹೊರಡುವುದಕ್ಕೆ ಮನಸ್ಸಿರಲಿಲ್ಲ. ಆದರೆ ಹೋದ ಮೇಲೆ ತಿಳಿದದ್ದೇನೆಂದರೆ, ನಾವು ಅಡಿಕೆಯನ್ನು ಬಿಟ್ಟು ಎಲ್ಲಿಗೂ ಹೋಗಿರಲೇ ಇಲ್ಲ. ಆ ಊರಿನ ಮಲಯ ಹೆಸರು ಪುಲಾವ್ ಪಿನಾಂಗ್. ಪುಲಾವ್ ಎಂದರೆ ದ್ವೀಪ, ಪಿನಾಂಗ್ ಎಂದರೆ ಅಡಿಕೆ. ಅಲ್ಲಿನ ರಾಜ್ಯದ ಬಾವುಟದ ನಡುವಿನಲ್ಲೇ ಒಂದು ಅಡಿಕೆ ಮರ ನಿಂತಿದೆ. ಹೆಣ್ಣು ಕೇಳುವುದಕ್ಕೆ ಮಲಯ ಭಾಷೆಯಲ್ಲಿರುವ ‘ಮೆಮಿನಾಂಗ್’ ಎಂಬ ಮಾತು ಹುಟ್ಟಿದ್ದೂ ಈ ಪಿನಾಂಗಿನಿಂದಲೇ ಎಂದು ಅಳಿಯ ಹೇಳಿದಾಗ, ವೀಳ್ಯ ಬದಲಾಯಿಸದೆ ಯಾವ ಸಂಬಂಧವನ್ನೂ ಗಟ್ಟಿಯೆಂದು ನಂಬದ ನನ್ನ ಹೆಂಡತಿಗೆ ಆ ಊರಿನ ಮೇಲೆ ಏಕಾಏಕಿ ಗೌರವ ಹೆಚ್ಚಾಯಿತು. ಸಿಂಗಾಪುರದಿಂದ ಬಂದ ಅಡಿಕೆ ತಳಿಯನ್ನು ನಮ್ಮ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಆರಿಸಿ ‘ಶ್ರೀಮಂಗಳ’ ಎಂದು ಹೆಸರಿಟ್ಟು ಕೊಟ್ಟದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಲೆಕ್ಕದಲ್ಲಿ ಆ ಸೀಮೆಯೊಂದಿಗೆ ನಮಗೆ ಮೊದಲೇ ಒಂದು ನೆಂಟಸ್ತನವಿತ್ತು. ಅಷ್ಟೆಲ್ಲ ಹೆಸರು ಹೊತ್ತ ಊರಿನಲ್ಲಿ ನನ್ನ ಕಣ್ಣಿಗೆ ಬಿದ್ದ ಅಡಿಕೆ ಮರಗಳು ಮಾತ್ರ ಬೆರಳೆಣಿಕೆಯಷ್ಟು, ಅವೂ ಅಂದಕ್ಕೆ ನೆಟ್ಟವು.

ಗುಡ್ಡದ ರೈಲಿನ ಕೆಳಗಿನ ನಿಲ್ದಾಣವಿರುವುದು ಜಾರ್ಜ್ ಟೌನ್ ನಗರದ ಅಂಚಿನ ಆಯರ್ ಇತಾಮ್ ಎಂಬಲ್ಲಿ, ಕೆಕ್ ಲೋಕ್ ಸಿ ಎಂಬ ದೊಡ್ಡ ಬೌದ್ಧ ದೇವಾಲಯದ ಸಮೀಪದಲ್ಲಿ. ಗುಡ್ಡವನ್ನು ಮಲಯದಲ್ಲಿ ಬುಕಿತ್ ಬೆಂಡೇರ, ಅಂದರೆ ಬಾವುಟದ ಗುಡ್ಡ ಎನ್ನುತ್ತಾರೆ. ವಿದೇಶೀಯರಿಗೆ ಟಿಕೆಟಿನ ದರ ಅಲ್ಲಿನವರಿಗಿಂತ ಹೆಚ್ಚು. ಅದನ್ನು ರೂಪಾಯಿಗೆ ಪರಿವರ್ತಿಸಿ ನೋಡಬಾರದೆಂದು ಮಗಳು ಮೊದಲೇ ಎಚ್ಚರಿಸಿದ್ದಳು, ನಾನು ನೋಡಿದೆ. ಅಂದು ರಜಾದಿನವಾದ್ದರಿಂದ ಒಂದೂಕಾಲು ಗಂಟೆ ಸಾಲಿನಲ್ಲಿ ನಿಂತೆವು.

ಸಾಲಿನಲ್ಲಿ ನಿಂತಷ್ಟು ಹೊತ್ತು ಅಳಿಯ ಇತಿಹಾಸ ಹೇಳಿದ. ಬ್ರಿಟಿಷರ ಪರವಾಗಿ ಫ್ರಾನ್ಸಿಸ್ ಲೈಟ್ ಎಂಬವನು ಈ ದ್ವೀಪಕ್ಕೆ ಬಂದು ನೆಲೆಯೂರಿದ್ದು 1786ರಲ್ಲಿ. ಕೆಳಗಿನ ಸೆಕೆ ಮತ್ತು ಜ್ವರಗಳಿಂದ ತಪ್ಪಿಸಿಕೊಳ್ಳಲು ಅವರು ಬೇಗನೆ ಗುಡ್ಡದ ಮೇಲೆ ಬಂಗಲೆಗಳನ್ನು ಕಟ್ಟಿಕೊಂಡರು. ಬಂಗಲೆ ಕಟ್ಟಿದವರು ನಡೆದು ಹತ್ತಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೆಲವರು ಕುದುರೆಯ ಮೇಲೆ ಹೋದರು, ಉಳಿದವರನ್ನು ಕುರ್ಚಿಯಲ್ಲಿ ಕೂರಿಸಿ ಆಳುಗಳು ಹೊತ್ತರು. ಶಬರಿಮಲೆಯ ಡೋಲಿಯನ್ನು ಕಂಡವರಿಗೆ ಆ ಕುರ್ಚಿಯನ್ನು ವಿವರಿಸುವ ಅಗತ್ಯವಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಖಾಸಗಿಯವರು ಮಾಡಿದ ಮೊದಲ ರೈಲು ಕೆಲಸಕ್ಕೆ ಬರಲಿಲ್ಲ. (ಇದನ್ನು ಕೇಳಿದಾಗ ನನಗಾದ ಸಮಾಧಾನವನ್ನು ಓದುಗರು ಊಹಿಸಬಹುದು.) ಆಮೇಲೆ ಸರ್ಕಾರವೇ ಮುಂದೆ ಬಂದು, ಮಲಯ ರೈಲ್ವೆಯ ಎಂಜಿನಿಯರ್ ಆರ್ನಾಲ್ಡ್ ರಾಬರ್ಟ್ ಜಾನ್ಸನ್ ಅವರ ನೇತೃತ್ವದಲ್ಲಿ ಹೊಸ ಹಾದಿ ನಿರ್ಮಿಸಿತು. ಅದು 1923ರ ಅಕ್ಟೋಬರಿನಲ್ಲಿ ಜನರಿಗೆ ತೆರೆದುಕೊಂಡಿತು. ಗವರ್ನರ್ ಲಾರೆನ್ಸ್ ಗಿಲ್ಮಾರ್ಡ್ 1924ರ ಜನವರಿ 1ರಂದು ವಿಧಿವತ್ತಾಗಿ ಉದ್ಘಾಟಿಸಿದರು. ಮರದ ಗಾಡಿಗಳ ಆ ರೈಲು ಎರಡು ತುಂಡಾಗಿತ್ತು. ಅರ್ಧ ಗುಡ್ಡ ಹತ್ತಿ, ನಡುವಿನ ನಿಲ್ದಾಣದಲ್ಲಿ ಇಳಿದು, ಇನ್ನೊಂದು ಗಾಡಿಗೆ ಬದಲಾಯಿಸಬೇಕಿತ್ತು. ಮೇಲೆ ತಲುಪಲು ಅರ್ಧ ಗಂಟೆ ಬೇಕಾಗುತ್ತಿತ್ತು. 1977ರಲ್ಲಿ ಕೆಂಪು ಬಣ್ಣದ ಹೊಸ ಗಾಡಿಗಳು ಬಂದವು. 2010ರಲ್ಲಿ ಅವನ್ನೂ ನಿಲ್ಲಿಸಿ, ಹಾದಿಯನ್ನು ಒಂದೇ ತುಂಡಾಗಿ ಮರುನಿರ್ಮಿಸಿ, 2011ರಲ್ಲಿ ನೂರು ಜನ ಹಿಡಿಯುವ ಸ್ವಿಸ್ ಗಾಡಿಗಳನ್ನು ಓಡಿಸತೊಡಗಿದರು. ಈಗ ಸುಮಾರು ಎರಡು ಕಿಲೋಮೀಟರಿನ ಏರು ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ಈ ರೈಲು ನಡೆಯುವ ಕ್ರಮವನ್ನು ನನಗೆ ಅರ್ಥ ಮಾಡಿಸಿದ್ದು ಅಳಿಯನಲ್ಲ, ನನ್ನ ಹೆಂಡತಿ. ನಿಲ್ದಾಣದ ಪ್ಲಾಟ್‌ಫಾರ್ಮೇ ಮೆಟ್ಟಿಲು ಮೆಟ್ಟಿಲಾಗಿದೆ, ಗಾಡಿಯ ಒಳಗೂ ಹಾಗೆಯೇ. ಸಾಲು ಮುಂದುವರಿದು ನಾವು ಹಳಿಯ ಹತ್ತಿರ ಬಂದಾಗ ನಮಗಿಂತ ಮುಂದಿದ್ದವರ ಗಾಡಿ ಆಗಷ್ಟೆ ಇಳಿದು ಬರುತ್ತಿತ್ತು. ಅದರ ಹಿಂದೆ, ಎರಡು ಹಳಿಗಳ ನಡುವೆ, ಗ್ರೀಸು ಮೆತ್ತಿದ ಉರುಳೆಗಳ ಮೇಲೆ, ನನ್ನ ಹೆಬ್ಬೆರಳಿಗಿಂತ ದಪ್ಪದ ಕಪ್ಪು ಹಗ್ಗವೊಂದು ಸದ್ದಿಲ್ಲದೆ ಹರಿಯುತ್ತಿತ್ತು. ಉರುಳೆಗಳು ಒಂದಾದ ಮೇಲೊಂದರಂತೆ ಗಿರಗಿರನೆ ತಿರುಗುತ್ತಿದ್ದವು, ಎಳೆಗಳ ಹೊಸೆತದ ಸಂದಿನಲ್ಲಿ ಸಿಕ್ಕಿದ್ದ ಒಂದು ಎಲೆಯ ಚೂರು ನಮ್ಮ ಮುಂದೆ ಹಾದು ಹೋಯಿತು. ಅದನ್ನು ನೋಡಿ ಅವಳು ಕೇಳಿದಳು: “ಇದು ನಮ್ಮ ಹಳೆ ಬಾವಿಯ ಹಾಗೆಯೇ ಅಲ್ಲವಾ? ಎರಡು ಬಾಲ್ದಿಯ ರಾಟೆ?”

ಅಳಿಯ ಒಂದು ಕ್ಷಣ ಸುಮ್ಮನಿದ್ದು, “ಅತ್ತೆ, ನಾನು ಅರ್ಧ ಗಂಟೆಯಿಂದ ಹೇಳಬೇಕೆಂದಿದ್ದದ್ದು ಇದನ್ನೇ” ಎಂದ.

ಪಂಪು ಬರುವ ಮೊದಲು ನಮ್ಮ ಬಾವಿಯಲ್ಲಿ ಒಂದೇ ಹಗ್ಗದ ಎರಡು ತುದಿಗೆ ಎರಡು ಬಾಲ್ದಿ ಕಟ್ಟಿರುತ್ತಿದ್ದರು. ತುಂಬಿದ್ದು ಮೇಲೆ ಬರುವಾಗ ಖಾಲಿಯದ್ದು ಕೆಳಗಿಳಿಯುತ್ತಿತ್ತು; ಬಾಲ್ದಿಗೆ ಬಾಲ್ದಿಯ ತೂಕ ಸರಿಹೋಗಿ, ಎಳೆಯುವವರ ಕೈಗೆ ನೀರಿನ ಭಾರ ಮಾತ್ರ ಉಳಿಯುತ್ತಿತ್ತು. ಪೆನಾಂಗಿನ ರೈಲಿನಲ್ಲೂ ಇರುವುದು ಎರಡೇ ಗಾಡಿ, ಒಂದೇ ಹಗ್ಗ. ಗಾಡಿಯೊಳಗೆ ಎಂಜಿನ್ ಇಲ್ಲ. ಹಗ್ಗ ಮೇಲಿನ ದೊಡ್ಡ ಚಕ್ರವನ್ನು ಬಳಸಿ ಬರುತ್ತದೆ, ವಿದ್ಯುತ್ ಮೋಟಾರು ಆ ಚಕ್ರವನ್ನು ತಿರುಗಿಸುತ್ತದೆ. ಎರಡೂ ಗಾಡಿಗಳ ಸ್ವಂತ ತೂಕ ಒಂದನ್ನೊಂದು ತೂಗಿಕೊಳ್ಳುವುದರಿಂದ ಮೋಟಾರು ಹೊರಬೇಕಾದದ್ದು ಹತ್ತುವವರ ಮತ್ತು ಇಳಿಯುವವರ ತೂಕದ ವ್ಯತ್ಯಾಸವನ್ನು, ಜೊತೆಗೆ ಹಗ್ಗದ ಮತ್ತು ತಿಕ್ಕಾಟದ ಪಾಲನ್ನು ಮಾತ್ರ. ಇಂಥ ರೈಲಿಗಿರುವ ‘ಫ್ಯೂನಿಕ್ಯುಲರ್’ ಎಂಬ ಹೆಸರು ಬಂದದ್ದು ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಹಗ್ಗ ಎಂಬ ಅರ್ಥದ ಪದದಿಂದ. ಹಗ್ಗದ ರೈಲು ಎಂದರೆ ನಮಗೆ ಸಾಕು.

ಊಟಿಯ ರೈಲನ್ನು ಹತ್ತಿದವರು ಎರಡನ್ನೂ ಒಂದೇ ಎಂದುಕೊಳ್ಳುವ ಸಾಧ್ಯತೆ ಇದೆ, ನಾನೂ ಹಾಗೆ ಅಂದುಕೊಂಡಿದ್ದೆ. ಕಲ್ಲಾರಿನಿಂದ ಕೂನೂರಿನವರೆಗೆ ಆ ರೈಲು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹತ್ತುತ್ತದೆ. ಅಲ್ಲಿ ಎಂಜಿನ್ ತನ್ನ ತೂಕವನ್ನೂ ತಾನೇ ಹೊತ್ತು ಏರಬೇಕು, ಆದ್ದರಿಂದ ಅಲ್ಲಿನ ಏರು ಹೆಚ್ಚೆಂದರೆ ಸುಮಾರು ಹನ್ನೆರಡು ಮೀಟರಿಗೆ ಒಂದು ಮೀಟರಿನಷ್ಟು. ಪೆನಾಂಗಿನಲ್ಲಿ ಕಡಿದಾದ ಕಡೆ ಎರಡು ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೆ ಹೋಗಿರುತ್ತೇವೆ. ಅದು ಹಗ್ಗದ ಬಲ.

ಗಾಡಿ ಬಂದಾಗ ಮುಂದಿನ ಗಾಜಿನ ಹತ್ತಿರ ನಿಲ್ಲುವ ಹಟದಲ್ಲಿ ನಾನು ಇಬ್ಬರು ಮಕ್ಕಳನ್ನು ಸೋಲಿಸಿದೆನೆಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ನನಗೆ ನೋಡಬೇಕಾಗಿದ್ದದ್ದು ಊರಿನ ನೋಟವಲ್ಲ, ಎರಡು ಗಾಡಿಗಳು ಎದುರಾಗುವ ಜಾಗ. ಉದ್ದಕ್ಕೂ ಇರುವುದು ಒಂದೇ ಜೋಡಿ ಹಳಿ. ಒಂದು ಮೇಲೆ ಹೋಗುತ್ತಿದೆ, ಇನ್ನೊಂದು ಅದೇ ಹಳಿಯಲ್ಲಿ ಕೆಳಗೆ ಬರುತ್ತಿದೆ. ಹಗ್ಗ ಒಂದೇ ಆದ್ದರಿಂದ ಅವು ಪ್ರತಿ ಸಲವೂ ಸರಿಯಾಗಿ ನಡುದಾರಿಯಲ್ಲೇ ಸಂಧಿಸುತ್ತವೆ. ಅಲ್ಲಿ ಮಾತ್ರ ಹಳಿ ಕವಲಾಗಿ, ಕೆಲವು ಗಾಡಿಯುದ್ದ ದೂರ ಎರಡು ಜೋಡಿಯಾಗಿ ನಡೆದು, ಮತ್ತೆ ಒಂದಾಗುತ್ತದೆ. ಹಾಗಾದರೆ ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದು ತಿರುಗಿಸುವವರಾರು? ಸಾಮಾನ್ಯ ರೈಲಿನಲ್ಲಾದರೆ ಹಳಿಯ ನಾಲಗೆಯನ್ನು ಸರಿಸುವ ಪಾಯಿಂಟ್ಸ್ ಇರುತ್ತದೆ. ಇಂಥ ಹಗ್ಗದ ರೈಲಿನ ಕವಲಿನಲ್ಲಿ ಅಲುಗಾಡುವ ಭಾಗವೇ ಇಲ್ಲ. ಗುಟ್ಟು ಇರುವುದು ಚಕ್ರದಲ್ಲಿ. ಒಂದು ಗಾಡಿಯ ಎಡಬದಿಯ ಚಕ್ರಗಳಿಗೆ ಒಳಗೂ ಹೊರಗೂ ಎರಡು ಅಂಚು, ಅವು ಹಳಿಯನ್ನು ಚಿಮ್ಮಟದಂತೆ ಹಿಡಿದುಕೊಂಡು ಅದರ ಜೊತೆಗೇ ತಿರುಗುತ್ತವೆ. ಅದೇ ಗಾಡಿಯ ಬಲಬದಿಯ ಚಕ್ರಗಳು ಅಂಚೇ ಇಲ್ಲದ ಅಗಲವಾದ ಉರುಳೆಗಳು. ಹಳಿ ಎಲ್ಲಿ ತುಂಡಾದರೂ, ಹಗ್ಗ ಹೋಗಲು ಸಂದು ಬಿಟ್ಟಿದ್ದರೂ, ಅವು ದಾಟಿಕೊಂಡು ಹೋಗುತ್ತವೆ. ಇನ್ನೊಂದು ಗಾಡಿಗೆ ಇದರ ತದ್ವಿರುದ್ಧ. ಆದ್ದರಿಂದ ಒಂದು ಯಾವಾಗಲೂ ಎಡಗವಲನ್ನೇ, ಇನ್ನೊಂದು ಬಲಗವಲನ್ನೇ ಹಿಡಿಯುತ್ತದೆ, ತಪ್ಪಬೇಕೆಂದರೂ ತಪ್ಪಲಾಗುವುದಿಲ್ಲ. ಈ ಉಪಾಯ ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರನದ್ದು, 1879ರಲ್ಲಿ ಸ್ವಿಟ್ಜರ್ಲೆಂಡಿನ ಗೀಸ್‌ಬಾಖ್ ಎಂಬಲ್ಲಿ ಮೊದಲು ಬಳಕೆಗೆ ಬಂತು. ಊಟಿಯ ಹಲ್ಲುಪಟ್ಟಿಯ ಪದ್ಧತಿಯೂ ಇವನದ್ದೇ.

ಕವಲು ಹತ್ತಿರವಾಗುತ್ತಿದ್ದಂತೆ ಎದುರಿನಿಂದ ಇನ್ನೊಂದು ಗಾಡಿ ನೇರ ನಮ್ಮ ಮೂಗಿಗೇ ಬರುವಂತೆ ಇಳಿಯಿತು. ಹಿಂದಿದ್ದ ಮಕ್ಕಳು ಕಿರಿಚಿದರು. ಅದು ಪಕ್ಕಕ್ಕೆ ಸರಿದು, ನಮ್ಮ ಕಿಟಕಿಗೆ ಒಂದು ಕೈ ದೂರದಲ್ಲಿ ಹಾದು, ಹಿಂದಾಯಿತು. ಒಂದು ಸೆಕೆಂಡಿನಷ್ಟು ಹೊತ್ತು ನಮ್ಮನ್ನು ಮೇಲಕ್ಕೆಳೆಯುತ್ತಿದ್ದವರ ಮುಖಗಳನ್ನು ನಾನು ಕಂಡೆ. ಅವರಲ್ಲಿ ಯಾರಿಗೂ ತಾವು ಯಾರನ್ನಾದರೂ ಎಳೆಯುತ್ತಿದ್ದೇವೆಂಬ ಲಕ್ಷ್ಯವಿದ್ದ ಹಾಗೆ ಕಾಣಲಿಲ್ಲ. ಮುಂದೆ ಒಂದು ಗಿಡ್ಡ ಸುರಂಗ ಬಂತು. ನಮ್ಮ ಕಡೆ ಸುರಂಗ ಎಂದರೆ ಗುಡ್ಡೆಯ ಹೊಟ್ಟೆಯಿಂದ ನೀರು ತರುವ ಬಿಲವಾದ್ದರಿಂದ, ಒಣಗಿದ ಸುರಂಗದೊಳಗೆ ವಾರೆಯಾಗಿ ಮೇಲೇರುವುದು ಹೆಂಡತಿಗೆ ಅಪಶಕುನದಂತೆ ಕಂಡಿರಬೇಕು, ಅವಳು ಕಣ್ಣು ಮುಚ್ಚಿಕೊಂಡಳು. ಕಿವಿ ಗುಂಯ್ ಎಂದು ಕಟ್ಟಿ ಬಿಟ್ಟಿತು. ಅಷ್ಟರಲ್ಲಿ ಮೇಲಿನ ನಿಲ್ದಾಣ.

ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವ ಆ ಜಾಗದಲ್ಲಿ ಕೆಳಗಿನ ಸೆಕೆ ಇಲ್ಲ. ಇಡೀ ಜಾರ್ಜ್ ಟೌನ್, ಅದರ ನಡುವೆ 65 ಅಂತಸ್ತಿನ ಕೊಮ್ತಾರ್ ಕಟ್ಟಡ, ದ್ವೀಪವನ್ನು ನಾಡಿಗೆ ಜೋಡಿಸುವ 13.5 ಕಿಲೋಮೀಟರಿನ ಸೇತುವೆ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ನೋಟದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಉತ್ಸಾಹ ನನಗಿಲ್ಲ. ಅಂಗಡಿಗಳ ಗದ್ದಲವೂ ಸಾಕಷ್ಟಿತ್ತು. ಆದರೆ ಮುರುಗನ ಗುಡಿಯೊಂದು ಮತ್ತು ಮಸೀದಿಯೊಂದು ಅಲ್ಲಿ ನೆರೆಹೊರೆಯಾಗಿರುವುದು ನಮ್ಮ ಊರಿನ ನೆನಪು ತಂದಿತು. ಗುಡಿಯ ಮೆಟ್ಟಿಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ನನ್ನ ಮುರುಕು ತಮಿಳಿಗೆ ತಮಿಳಿನಲ್ಲೇ ಉತ್ತರ ಕೊಟ್ಟರು. ಹಳೆಯ ರೈಲಿನಲ್ಲಿ ನಡುವಿನ ನಿಲ್ದಾಣದಲ್ಲಿ ಇಳಿದು ಕಾಯುವಾಗಿನ ತಂಪು ಈಗಿನವರಿಗೆ ಸಿಗುವುದಿಲ್ಲ ಎಂದರು. ಪ್ರದರ್ಶನಕ್ಕಿಟ್ಟಿರುವ ಹಳೆಯ ಗಾಡಿಯನ್ನು ನೋಡಿದ ಮೇಲೆ ಅವರ ಮಾತು ನನಗೂ ಸರಿಯೆನಿಸಿತು. ಹೊಸ ಗಾಡಿ ಒಳ್ಳೆಯದೇ, ನೂರು ಜನರನ್ನು ಏಸಿಯಲ್ಲಿ ನಿಲ್ಲಿಸಿ ಒಯ್ಯುತ್ತದೆ; ಆದರೆ ಹತ್ತು ನಿಮಿಷದಲ್ಲಿ ಮುಗಿಯುವ ಏರಿಗಾಗಿ ಒಂದೂಕಾಲು ಗಂಟೆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಅರ್ಧ ಗಂಟೆಯ ನಿಧಾನದ ಏರು ನನ್ನಂಥವನಿಗೆ ಹೆಚ್ಚು ಒಗ್ಗುತ್ತಿತ್ತು.

ಇಳಿಯುವ ಮೊದಲು ಹೆಂಡತಿ ಕೇಳಬಾರದ ಪ್ರಶ್ನೆಯನ್ನೇ ಕೇಳಿದಳು: “ಹಗ್ಗ ತುಂಡಾದರೆ?” ನಮ್ಮ ಟ್ರಾಲಿಯನ್ನು ಕಂಡವಳು ಅದನ್ನು ಕೇಳದೆ ಇರುವುದಾದರೂ ಹೇಗೆ? 2025ರ ಸೆಪ್ಟೆಂಬರ್ 3ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ನಡೆದ ಗ್ಲೋರಿಯಾ ಎಂಬ ಹಗ್ಗದ ರೈಲಿನ ಅಪಘಾತದ ಸುದ್ದಿಯನ್ನು ನಾವಿಬ್ಬರೂ ಟೀವಿಯಲ್ಲಿ ನೋಡಿದ್ದೆವು. 1885ರಷ್ಟು ಹಳೆಯ ಆ ಹಾದಿಯಲ್ಲಿ, ಮೇಲಿನ ಗಾಡಿಗೆ ಹಗ್ಗ ಸೇರುವ ಜಾಗದಲ್ಲೇ ಅದು ಬಿಟ್ಟುಕೊಂಡು, ಗಾಡಿ ಇಳಿಜಾರಿನಲ್ಲಿ ಓಡಿ ಕಟ್ಟಡಕ್ಕೆ ಬಡಿದು 16 ಮಂದಿ ಸತ್ತರು. ಚಾಲಕ ಬ್ರೇಕು ಹಾಕಿದ್ದ. ಆದರೆ ಇನ್ನೊಂದು ಗಾಡಿಯ ತೂಕದ ಆಸರೆ ಇಲ್ಲದೆ ಗಾಡಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಆ ಬ್ರೇಕಿಗಿರಲಿಲ್ಲ. ಈಗಿನ ಕಾಲದ ಗಾಡಿಗಳ ತಳದಲ್ಲಿ ಹಗ್ಗದ ಬಿಗಿ ತಪ್ಪಿದೊಡನೆ ತಾವಾಗಿ ಹಳಿಯನ್ನೇ ಇಕ್ಕಳದಂತೆ ಕಚ್ಚುವ ಬ್ರೇಕುಗಳಿರುತ್ತವೆ ಎಂದು ಅಳಿಯ ವಿವರಿಸಿದ. ನನ್ನ ಟ್ರಾಲಿಗೆ ಯಾವ ಬ್ರೇಕೂ ಇರಲಿಲ್ಲ ಎಂಬುದು ಆಗ ನೆನಪಾಗಿ ನಾನು ಮಾತನಾಡಲಿಲ್ಲ.

ಆ ರಾತ್ರಿ ಮಗಳ ಮನೆಯಲ್ಲಿ ಕಾಗದ ಹಿಡಿದು ಕುಳಿತೆ. ನಮ್ಮ ಟ್ರಾಲಿಯ ಕಬ್ಬಿಣ ಸುಮಾರು 90 ಕಿಲೋ, ಆರು ಹೆಡಿಗೆ ಅಡಿಕೆ ಸುಮಾರು 150 ಕಿಲೋ. ಅಂದರೆ ಪ್ರತಿ ಸಲ ಮೋಟಾರು ಎಳೆದದ್ದರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬರಿಯ ಟ್ರಾಲಿಯನ್ನೇ. ಎರಡನೆಯ ಟ್ರಾಲಿಯೊಂದನ್ನು ಹಗ್ಗದ ಇನ್ನೊಂದು ತುದಿಗೆ ಕಟ್ಟಿದ್ದರೆ ಆ 90 ಕಿಲೋ ಲೆಕ್ಕದಿಂದಲೇ ಹೊರಗೆ. ಇಷ್ಟೂ ವರ್ಷ ನಾನು ವರ್ಕ್‌ಶಾಪಿನವರನ್ನು ಬಯ್ದುಕೊಂಡು ಬಂದಿದ್ದೆ. ಒಂದೇ ಬಾಲ್ದಿ ಸಾಕು ಎಂದು ಅವರಿಗೆ ಹೇಳಿದ್ದವನು ನಾನೇ. ಇಳಿಯುವ ಟ್ರಾಲಿ ಖಾಲಿ ಹೋಗಬೇಕೆಂದೇನೂ ಇಲ್ಲ. ಹಟ್ಟಿ ಮೇಲಿದೆ, ಗೊಬ್ಬರ ಬೇಕಾದದ್ದು ತೋಟಕ್ಕೆ. ಇಷ್ಟು ದಿನ ಗೊಬ್ಬರ ಒಂದು ದಿನ ತಲೆಹೊರೆಯಲ್ಲಿ ಇಳಿಯುತ್ತಿತ್ತು, ಅಡಿಕೆ ಇನ್ನೊಂದು ದಿನ ತಲೆಹೊರೆಯಲ್ಲಿ ಏರುತ್ತಿತ್ತು; ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಗೊಬ್ಬರವೇ ಅಡಿಕೆಯನ್ನು ಎಳೆದುಕೊಡುತ್ತದೆ. ಪೋರ್ಚುಗಲ್ಲಿನ ಬ್ರಾಗ ಎಂಬ ಊರಿನಲ್ಲಿ 1882ರಿಂದ ಮೋಟಾರೇ ಇಲ್ಲದ ಹಗ್ಗದ ರೈಲು ಓಡುತ್ತಿದೆಯಂತೆ: ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬುತ್ತಾರೆ, ಆ ಭಾರಕ್ಕೆ ಅದು ಇಳಿದು ಇನ್ನೊಂದನ್ನು ಏರಿಸುತ್ತದೆ, ಕೆಳಗೆ ನೀರು ಬಿಡುತ್ತಾರೆ. ನಮ್ಮ ಮನೆಯ ಹಿಂದಿನ ಸುರಂಗದ ನೀರು ಮಾರ್ಚಿನವರೆಗೆ ತೊಟ್ಟಿಯಿಂದ ಉಕ್ಕಿ ವ್ಯರ್ಥವಾಗಿ ಹರಿಯುತ್ತದೆ ಎಂಬುದು ಹೊಳೆದಾಗ ಗಂಟೆ ಒಂದು ದಾಟಿತ್ತು, ಹೆಂಡತಿ ದೀಪ ಆರಿಸಿದಳು.

ಊರಿಗೆ ಬಂದ ವಾರದೊಳಗೆ ಬಳ್ಳಿ ಬಿಡಿಸಿ ಹಳಿ ಅಳೆದೆ; 54 ಮೀಟರ್ ಇದೆ. ಉದ್ದಕ್ಕೂ ಎರಡು ಜೋಡಿ ಹಳಿ ಹಾಕಬೇಕಾದರೆ ಎರಡು ಕಡೆ ದರೆ ಕಡಿಯಬೇಕು, ಮಳೆಗಾಲಕ್ಕೆ ಅದು ಜರಿಯದೆ ಇರುವುದಿಲ್ಲ. ಹಾಗಾಗಿ ನಡುವೆ ಆಬ್ಟನ ಕವಲೇ ಗತಿ. ಹತ್ತಿರದ ವೆಲ್ಡಿಂಗ್ ಹುಡುಗನನ್ನು, ಅವನು ನನ್ನ ಹಳೆಯ ವಿದ್ಯಾರ್ಥಿಯೂ ಹೌದು, ಕರೆಸಿ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, “ಮಾಷ್ಟ್ರೇ, ಚಕ್ರಕ್ಕೆ ಎರಡಂಚು ಮಾಡಬಹುದು, ಅದು ಲೇತಿನ ಕೆಲಸ. ಮೊದಲು ಬ್ರೇಕಿನ ವಿಷಯ ಹೇಳಿ” ಎಂದ. ಅವನು ಕೇಳಬೇಕಾದದ್ದನ್ನೇ ಕೇಳಿದ ಎಂದು ಒಳಗಿನಿಂದ ಹೆಂಡತಿ ಹೇಳಿದ್ದು ನಮ್ಮಿಬ್ಬರಿಗೂ ಕೇಳಿಸಿತು. ವಿಷು ಕಳೆದ ಮೇಲೆ ಬರುತ್ತೇನೆಂದು ಹೇಳಿ, ಹಳೆಯ ಟ್ರಾಲಿಯ ಒಂದು ಚಕ್ರವನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ಹೋದ.